ಭಾವನ ಬಲಗೈ

ನಮ್ಮ ಭಾವನ ಎಡ ತೊಡೆಯ ಮೇಲೆ ಮಂಡಿಯಿಂದ ಸೊಂಟದವರೆಗೆ ಒಂದು ಗಾಯದ ಕಲೆ ಇತ್ತು. ಗೋಣಿಚೀಲದ ಬಾಯನ್ನು ದಬ್ಬಳದಲ್ಲಿ ಹೊಲಿದ ಹಾಗೆ ಅಡ್ಡಡ್ಡ ಹೊಲಿಗೆ. ಕಾಡುಹಂದಿಯ ಕೋರೆ ಸೀಳಿದ್ದು. ಯಾರಾದರೂ ಕೇಳಿದರೆ ಸರಿ, ಕೇಳದಿದ್ದರೂ ಲುಂಗಿ ಎತ್ತಿ ತೋರಿಸುತ್ತಿದ್ದರು. ಹೆಣ್ಣು ನೋಡಲು ಮಧುವನಹಳ್ಳಿಯ ನಮ್ಮ ಮನೆಗೆ ಬಂದ ದಿನವೇ ತೋರಿಸಿದ್ದರು. ನಮ್ಮಪ್ಪ ಕಾಫಿ ಲೋಟ ಕೆಳಗಿಟ್ಟು, ಕಲೆಯನ್ನು ಬಗ್ಗಿ ನೋಡಿ, ಆಮೇಲೆ ಹಂದಿ ಏನಾಯಿತು ಎಂದು ಕೇಳಿದರು.

"ಅವತ್ತೇ ಬೇಯ್ಸ್ಕಂಡು ಉಂಡ್ವಿ," ಅಂದರು ಭಾವ.

ಅಪ್ಪನಿಗೆ ಆ ಉತ್ತರ ಹಿಡಿಸಿತು. ಅಕ್ಕನನ್ನು ಕೊಟ್ಟರು.

ಭಾವನ ಊರು ರಾಮಾಪುರದ ಆಚೆ, ಕಾಡಿನ ಅಂಚಿನಲ್ಲಿ. ಹೊಲದ ಕೊನೆಯ ಬದು ದಾಟಿದರೆ ಕಾಡು. ಆ ಕಡೆಯ ಜನ ಕನ್ನಡ, ತಮಿಳು ಎರಡನ್ನೂ ಆಡುತ್ತಾರೆ. ಭಾವ ಮಾತಾಡುವುದು ಕನ್ನಡ, ಬೈಯುವುದು ತಮಿಳು. ಅವರು ಬದುಕಿದ್ದಾಗ ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ, ನಮ್ಮಲ್ಲಿ ಹಾಗೆಯೇ ರೂಢಿ. ಈಗ ಬರೆಯಲು ಕೂತರೆ ಕೈ ತಾನಾಗಿ ಬಹುವಚನ ಬರೆಯುತ್ತಿದೆ.

ಅವರಿಗೆ ಎಲ್ಲವೂ ಏಟಿನಲ್ಲೇ ಆಗಬೇಕು. ರೇಡಿಯೊ ನಿಂತರೆ ತಲೆಗೆ ಒಂದು ಬಡಿತ. ಜೀಪು ಸ್ಟಾರ್ಟ್ ಆಗದಿದ್ದರೆ ಬಾನೆಟ್ ಎತ್ತಿ ಸ್ಪ್ಯಾನರಿನಲ್ಲಿ ನಾಲ್ಕು ಬಿಗಿಯುವುದು. ನೆಂಟರು ಬಂದರೆ ಬೆನ್ನಿಗೆ ಗುದ್ದಿ ಯೋಗಕ್ಷೇಮ ವಿಚಾರಿಸುವುದು. ಹೆಂಡದಂಗಡಿಯಲ್ಲಿ ಯಾರೋ ಒಬ್ಬ ಇವರ ತಾಯಿಯನ್ನು ಬೈದನೆಂದು ಕೂತಿದ್ದ ಬೆಂಚನ್ನೇ ಎತ್ತಿ ಅವನ ಬೆನ್ನ ಮೇಲೆ ಮುರಿದು, ಆಮೇಲೆ ತಾವೇ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಮದುವೆಯಾದ ಹೊಸದರಲ್ಲಿ ಅಕ್ಕನ ಮೇಲೂ ಒಮ್ಮೆ ಕೈ ಎತ್ತಿದ್ದರು. ಅವಳು ಮುದ್ದೆ ಕೋಲಿನಿಂದ ಹುಬ್ಬಿಗೆ ಹೊಡೆದಳು. ಬಿಸಿ ಹಿಟ್ಟು ಮೆತ್ತಿದ್ದ ಕೋಲು. ಹುಬ್ಬು ಸೀಳಿತು, ಚರ್ಮ ಸುಟ್ಟಿತು. ಆ ಕಲೆಯನ್ನೂ ಭಾವ ಎಲ್ಲರಿಗೂ ತೋರಿಸುತ್ತಿದ್ದರು. ಅಂದಿನಿಂದ ಅಕ್ಕನನ್ನು ಮುಟ್ಟಲಿಲ್ಲ.

ಅವರ ಕೈಯ ಏಟು ನನಗೂ ಗೊತ್ತು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ, ಕೊಳ್ಳೇಗಾಲದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದು, ಮದುವೆಯಾಗಿದ್ದ ಕಾಲ. ಕುಡಿದು ಬಂದು ಹೆಂಡತಿಯ ಕೆನ್ನೆಗೆ ಬಾರಿಸಿದೆ. ಸುದ್ದಿ ಹೇಗೋ ರಾಮಾಪುರ ಮುಟ್ಟಿತು. ಮರುದಿನ ಭಾವ ಬಂದರು. ಒಳಗೂ ಬರಲಿಲ್ಲ. ನನ್ನನ್ನು ಹೊರಗೆ ಕರೆದು, ಕೊರಳಪಟ್ಟಿ ಹಿಡಿದು, ಬೀದಿಯ ನಡುವೆ ಬಾಯಲ್ಲಿ ರಕ್ತ ಬರುವ ಹಾಗೆ ಹೊಡೆದರು. ಆಮೇಲೆ ಜಗಲಿಯ ಮೇಲೆ ಕೂರಿಸಿ, ಚೊಂಬಿನಲ್ಲಿ ನೀರು ತರಿಸಿ, ತಾವೇ ನನ್ನ ಬಾಯಿ ತೊಳೆದರು.

"ಇನ್ನೊಂದ್ ಕಿತ ಕೈ ತುರ್ಸುದ್ರೆ ನನ್ನತ್ರ ಬಾ ಕಣ್ಲಾ. ಇಬ್ರೂ ಒಡ್ದಾಡ್ಮ," ಅಂದರು.

ನಾನು ಕುಡಿತ ಬಿಟ್ಟದ್ದು ಆ ಏಟಿನಿಂದ. ಮಸ್ಕತ್ತಿಗೆ ಹೋಗಿ ಮನುಷ್ಯನಾದದ್ದೂ ಆಮೇಲೆಯೇ. ಅಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೂದಲು ನರೆಯುವವರೆಗೂ ದುಡಿದೆ.

ಭಾವ ಮೊದಮೊದಲು ನಾಯಿ, ಈಟಿ ಇಟ್ಟುಕೊಂಡು ಹಂದಿ ಬೇಟೆಯಾಡುತ್ತಿದ್ದವರು. ಆಮೇಲೆ ಎಲ್ಲರ ಹಾಗೆ ಸಿಡಿಮದ್ದಿಗೆ ಇಳಿದರು. ತಿನ್ನುವ ಪದಾರ್ಥದೊಳಗೆ ಮದ್ದಿನ ಉಂಡೆ ಅಡಗಿಸಿ ಹೊಲದಂಚಿನಲ್ಲಿ ಇಡುತ್ತಾರೆ. ಹಂದಿ ಕಚ್ಚಿದರೆ ದವಡೆ ಹಾರಿಹೋಗುತ್ತದೆ. ಕಾನೂನಿಗೆ ವಿರುದ್ಧ, ಧರ್ಮಕ್ಕೂ ವಿರುದ್ಧ. ಆದರೂ ಇಡುವವರು ಇಡುತ್ತಲೇ ಇದ್ದರು. ಸಂಜೆ ಇಟ್ಟದ್ದನ್ನು ಬೆಳಗ್ಗೆ ದನ ಬಿಡುವ ಮುಂಚೆ ಆಯ್ದುಕೊಳ್ಳಬೇಕು. ಒಂದು ದಿನ ಭಾವ ಕುಡಿದು ಮಲಗಿದವರು ಹೊತ್ತಿಗೆ ಏಳಲಿಲ್ಲ. ಅವರದೇ ಹಸು, ಗಬ್ಬದ ಹಸು, ಅದನ್ನು ಕಚ್ಚಿತು. ಕೆಳದವಡೆ ಜೋತಾಡುತ್ತ, ನಾಲಿಗೆ ಮಣ್ಣಿಗೆ ತಾಗುತ್ತ, ಅದು ನಡೆದುಕೊಂಡು ಮನೆಗೇ ಬಂದು ಕೊಟ್ಟಿಗೆಯ ಮುಂದೆ ನಿಂತಿತಂತೆ. ಭಾವ ಕೊಡಲಿಯ ಹಿಂಬದಿಯಿಂದ ಅದರ ಹಣೆಗೆ ಹೊಡೆದು ಕೊಂದರು. ಒಂದೇ ಏಟಿಗೆ ಬೀಳಲಿಲ್ಲ ಎಂದು ಅಕ್ಕ ಹೇಳಿದಳು.

ಆ ವಾರವೇ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿ, ತಲೆ ಬೋಳಿಸಿಕೊಂಡು, ಇನ್ನು ಮಿಕಕ್ಕೆ ಕೈ ಹಾಕುವುದಿಲ್ಲ ಎಂದು ಆಣೆಯಿಟ್ಟು ಬಂದರು. ಈಟಿಯನ್ನು ಕುಲುಮೆಯಲ್ಲಿ ಕುಡುಗೋಲು ಮಾಡಿಸಿದರು. ಹಳೆಯ ಜೀಪು ಕೊಂಡು ಹನೂರು, ರಾಮಾಪುರದ ನಡುವೆ ಬಾಡಿಗೆ ಹೊಡೆಯತೊಡಗಿದರು. ಆ ಹಸುವಿನ ಕೊರಳ ಗಂಟೆ ಜೀಪಿನ ಕನ್ನಡಿಯಿಂದ ತೂಗುತ್ತಿತ್ತು. ಹಳ್ಳ ಬಂದಾಗಲೆಲ್ಲ ಅದು ಬಡಿದುಕೊಳ್ಳುತ್ತಿತ್ತು.

ಇನ್ನು ನನ್ನ ಪಾಲಿನದು.

ಮಸ್ಕತ್ತಿನ ಅಡುಗೆಮನೆಯಲ್ಲಿ ನನ್ನ ಪಕ್ಕದ ಒಲೆಯವನು ಫಿಲಿಪ್ಪೀನ್ಸ್ ದೇಶದವನು. ಅವನ ಹೆಂಡತಿ ಮಸ್ಕತ್ತಿನದೇ ಒಂದು ಆಸ್ಪತ್ರೆಯಲ್ಲಿ ನರ್ಸ್. ಮಸ್ಕತ್ತಿನಲ್ಲಿ ಹಂದಿಮಾಂಸ ಸುಲಭಕ್ಕೆ ಸಿಗುವುದಿಲ್ಲ. ಗೆಳೆಯ ಅದಕ್ಕಾಗಿ ಹಪಹಪಿಸುತ್ತಿದ್ದ. ನಾನು ಈರುಳ್ಳಿ ಕತ್ತರಿಸುತ್ತ ಜಂಬ ಕೊಚ್ಚುತ್ತಿದ್ದೆ. ನಮ್ಮೂರಿಗೆ ಬಾ, ನನ್ನ ಭಾವ ಕಾಡಿನ ರಾಜ, ಊರಹಂದಿಯಲ್ಲ, ಕಾಡುಹಂದಿಯನ್ನೇ ತಿನ್ನಿಸುತ್ತೇನೆ ಎನ್ನುತ್ತಿದ್ದೆ. ಆಣೆಯ ವಿಷಯ ನನಗೆ ಗೊತ್ತಿತ್ತು. ಆದರೂ ಹೇಳುತ್ತಿದ್ದೆ. ದೂರದ ಊರಿನಲ್ಲಿ ಮನುಷ್ಯನಿಗೆ ತನ್ನ ಊರಿನ ಬಗ್ಗೆ ಸುಳ್ಳು ಹೇಳುವುದು ಊಟದಷ್ಟೇ ಬೇಕಾಗುತ್ತದೆ.

ನಾನು ಕೆಲಸ ಬಿಟ್ಟು ಊರು ಸೇರಿದ ಮೇಲೆ, ಗಂಡಹೆಂಡತಿ ಇಬ್ಬರೂ ನಿಜವಾಗಿಯೂ ಬಂದರು. ಅವರನ್ನು ಸುತ್ತಾಡಿಸಲು ಭಾವನ ಜೀಪನ್ನೇ ಗೊತ್ತುಮಾಡಿದೆ. ಭಾವ ಗೆಳೆಯನ ಬೆನ್ನಿಗೆ ಎಂದಿನ ಹಾಗೆ ಗುದ್ದಿದರು. ಗೆಳೆಯನೂ ಸುಮ್ಮನಿರದೆ ತಿರುಗಿ ಗುದ್ದಿದ. ಅಲ್ಲಿಗೆ ಇಬ್ಬರಿಗೂ ಒಂದು ಭಾಷೆ ಸಿಕ್ಕಿತು.

ಆ ಪ್ರವಾಸವೇ ಒಂದು ಬಡಿದಾಟದ ಹಾಗಿತ್ತು. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ ಕರೆದೊಯ್ದೆ. ಕುದಿಯುವ ನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದವು. ಒಳಗೆ ಹುಳು ಜೀವಂತ ಇರುತ್ತದೆಯೇ ಎಂದು ಗೆಳೆಯನ ಹೆಂಡತಿ ಕೇಳಿದಳು. ಇಲ್ಲ ಎಂದೆ. ಅವಳು ಬೆಂದ ಹುಳುವೊಂದನ್ನು ಅಂಗೈ ಮೇಲಿಟ್ಟುಕೊಂಡು ನನ್ನ ಮುಖ ನೋಡಿದಳು. ಭರಚುಕ್ಕಿಯಲ್ಲಿ ನೀರು ಬಂಡೆಯನ್ನು ಹೊಡೆಯುವುದನ್ನು ನೋಡುತ್ತ ಭಾವ, ಈ ಏಟಿಗೆ ಯಾವ ಬಂಡೆಯೂ ತಿರುಗಿ ಹೊಡೆದದ್ದಿಲ್ಲ ಎಂದರು. ದಾರಿಯಲ್ಲಿ ಬಸ್ಸಿನವನೊಬ್ಬ ಒತ್ತಿಕೊಂಡು ಬಂದನೆಂದು ಜೀಪು ಅಡ್ಡ ನಿಲ್ಲಿಸಿ, ಅವನ ಬಾಗಿಲನ್ನು ಸ್ಪ್ಯಾನರಿನಿಂದ ಬಡಿದು, ತಮಿಳಿನಲ್ಲಿ ಅವನ ಮೂರು ತಲೆಮಾರನ್ನು ವಿಚಾರಿಸಿಕೊಂಡು ಬಂದರು.

ಹೋದಲ್ಲೆಲ್ಲ ಜನ ನನ್ನ ಗೆಳೆಯರನ್ನು ಒಡೆಯರಪಾಳ್ಯದ ಟಿಬೆಟ್ ಕ್ಯಾಂಪಿನವರು ಎಂದುಕೊಂಡರು. ಯಳಂದೂರಿನ ಹತ್ತಿರ ಅಗರದಲ್ಲಿ ಟೀ ಕುಡಿಯಲು ನಿಂತಾಗ ಒಬ್ಬ ಮುದುಕಿ ಗೆಳೆಯನ ಹೆಂಡತಿಯ ತೋಳು ಹಿಡಿದು, ಹೋದ ಚಳಿಗಾಲದಲ್ಲಿ ನಿನ್ನತ್ರ ಕೊಂಡ ಸ್ವೆಟರು ಒಂದು ಒಗೆತಕ್ಕೆ ಮೊಣಕಾಲಿಗೆ ಇಳಿಯಿತಲ್ಲ ಎಂದು ಜಗಳ ತೆಗೆದಳು. ಬಿಡಿಸಲು ಹೋದ ಭಾವನ ಬೆನ್ನಿಗೂ ಒಂದು ಬಿತ್ತು. ಅವಳ ಊರು ಸಮುದ್ರದ ಆಚೆ ಎಂದು ಭಾವ ಹೇಳಿದರೆ ಮುದುಕಿ ನಂಬಲಿಲ್ಲ.

"ಸಮುದ್ರದಾಚೆಯಿಂದ ಬಂದು ಅಗರದೇಲಿ ಟೀ ಕುಡದಾರಾ? ಓಗಪ್ಪಾ ಓಗು," ಅಂದಳು.

ಅಲ್ಲಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿದೆವು. ರಂಗಪ್ಪನಿಗೆ ಭಕ್ತರು ಹೊಲಿದು ಒಪ್ಪಿಸುವ ಭಾರಿ ಚರ್ಮದ ಪಾದುಕೆಗಳು ಅಲ್ಲಿವೆ. ಅದರಲ್ಲಿ ತಲೆಗೆ ಹೊಡೆಸಿಕೊಂಡರೆ ಪಾಪ ಕಳೆಯುತ್ತದೆ ಎಂದು ನಂಬಿಕೆ. ದಾಸಯ್ಯ ಎಲ್ಲರಿಗೂ ಮೆಲ್ಲಗೆ ಮುಟ್ಟಿಸುತ್ತಿದ್ದ. ಭಾವ ಮಂಡಿಯೂರಿ ಕೂತು ಬೋಳು ನೆತ್ತಿ ಒಡ್ಡಿದರು.

"ಜೋರಾಗ್ ಒಡೀರಿ ಸ್ವಾಮಿ. ಇದು ಸಣ್ಣೇಟಿಗೆ ಓಗಾದಲ್ಲ."

ದಾಸಯ್ಯ ನಕ್ಕು ಸ್ವಲ್ಪ ಬಲವಾಗಿಯೇ ಹೊಡೆದ. ಭಾವ ಇನ್ನೊಂದು ಕೇಳಿದರು. ಗೆಳೆಯನ ಹೆಂಡತಿ, ಇವರು ಮಾಡಿದ ತಪ್ಪಾದರೂ ಏನು ಎಂದು ಕೇಳಿದಳು. ಭಾವನಿಗೆ ಪ್ರಶ್ನೆ ಅರ್ಥವಾಯಿತು.

"ಗಬ್ಬದ್ ಅಸ ಕೊಂದಿವ್ನಿ ಅಂತ ಯೇಳ್ಲಾ ಅವಮ್ಮಂಗೆ," ಅಂದರು.

ನಾನು ಹೇಳಲಿಲ್ಲ. ಇದು ಇಲ್ಲಿಯ ಪದ್ಧತಿ ಅಷ್ಟೆ ಎಂದುಬಿಟ್ಟೆ. ನನ್ನ ಕಾಡಿನ ರಾಜ ಚಪ್ಪಲಿ ಏಟಿಗೆ ತಲೆ ಒಡ್ಡಿ ಅಳುವುದನ್ನು ನೋಡಿ ನನಗೆ ನಾಚಿಕೆಯಾಗಿತ್ತು. ಹೌದು, ಭಾವ ಅಳುತ್ತಿದ್ದರು.

ಅದೇ ದಿನ ಕೊಳ್ಳೇಗಾಲ, ಹನೂರು ದಾಟಿ ಭಾವನ ಊರು ಸೇರುವಾಗ ಹೊತ್ತು ಇಳಿಯುತ್ತಿತ್ತು. ಗೆಳೆಯರು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದರು. ನಾನು ಕೊಟ್ಟಿಗೆಯ ಹತ್ತಿರ ಭಾವನನ್ನು ಹಿಡಿದು, ಹಂದಿಮಾಂಸದ ಮಾತು ಕೊಟ್ಟಿದ್ದೇನೆ, ಹೇಗಾದರೂ ನಡೆಸಿಕೊಡಬೇಕು ಎಂದೆ.

"ಬುಟ್ಬುಟ್ಟಿವ್ನಿ ಕಣ್ಲಾ. ಗೊತ್ತಲ್ವಾ ನಿಂಗೆ. ಅಟ್ಟಿ ಕೋಳಿ ಅದೆ, ಎಲ್ಡ್ ಕುಯ್ಯಾಮ," ಅಂದರು.

ಅಕ್ಕ ಒಳಗಿನಿಂದ, ಆ ಮಾತು ಬಿಡು, ಅವರನ್ನು ಕೆಣಕಬೇಡ ಎಂದಳು. ನಾನು ಬಿಡಲಿಲ್ಲ. ಏನು ಹೇಳಿದರೆ ಅವರಿಗೆ ನಾಟುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

"ಕೈಲಾಗಾಕಿಲ್ಲ ಅನ್ನು ಬಾವ. ಮಾದಪ್ಪನ್ನ ಯಾಕ್ ನಡುವ್ಕೆ ತತ್ತೀಯೆ? ವಯಸ್ಸಾಯ್ತು, ಎದರ್ಕಂಡೆ ಅನ್ನು. ಆ ತೊಡೆ ತೋರ್ಸಾದ್ನಾರ ನಿಲ್ಸು."

ಭಾವ ನನ್ನನ್ನು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವರು ಲುಂಗಿಯನ್ನು ಎಳೆದು ತೊಡೆ ಮುಚ್ಚಿಕೊಂಡರು. ಅವರು ಹಾಗೆ ಮುಚ್ಚಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಊರೊಳಗೆ ಹೋದರು. ಮದ್ದಿನ ಉಂಡೆ ಯಾರ ಹತ್ತಿರ ತಂದರೋ, ಕತ್ತಲಾಗುವ ಮುಂಚೆ ಹೊಲದಂಚಿನಲ್ಲಿ ಇಟ್ಟು ಬಂದರು. ರಾತ್ರಿ ಊಟಕ್ಕೆ ಕೂತಾಗ ನನ್ನ ಕಡೆ ನೋಡಲಿಲ್ಲ. ಕುಡಿಯಲಿಲ್ಲ ಕೂಡ. ಬೆಳಗ್ಗೆ ಬೇಗ ಏಳಬೇಕು ಎಂದು ಅಕ್ಕನಿಗೆ ಹೇಳಿ ಮಲಗಿದರು.

ಬೆಳಗಾದಾಗ ಅವರು ಆಗಲೇ ಹೊಲಕ್ಕೆ ಹೋಗಿದ್ದರು. ನಾವು ಜಗಲಿಯಲ್ಲಿ ರಾಗಿ ರೊಟ್ಟಿ ತಿನ್ನುತ್ತಿದ್ದೆವು. ಕೊಟ್ಟಿಗೆಯಲ್ಲಿ ದನಗಳು ಹೊರಡುವ ಹೊತ್ತಾಯಿತೆಂದು ಕೂಗುತ್ತಿದ್ದವು. ಆಗ ಹೊಲದ ಕಡೆಯಿಂದ ಢಂ ಎಂದಿತು. ಗೆಳೆಯ ಬೆಚ್ಚಿ, ಕಲ್ಲಿನ ಕ್ವಾರಿಯೇ ಎಂದು ಕೇಳಿದ.

ನಾನು ನಕ್ಕೆ. ನಕ್ಕು, ನಮ್ಮ ಗಲ್ಫಿನ ಮುರುಕು ಇಂಗ್ಲಿಷಿನಲ್ಲಿ, ಅಲ್ಲ, ನಿನ್ನ ಊಟ ಸಿದ್ಧವಾಯಿತು ಎಂದೆ. ಆಮೇಲೆ ಟೀ ಕುಡಿದೆ. ಪೂರ್ತಿ ಕುಡಿದೆ.

ಅಕ್ಕ ಮಾತ್ರ ಕೈಯಲ್ಲಿದ್ದ ರೊಟ್ಟಿಯನ್ನು ಒಲೆಗೆ ಬಿಸಾಡಿ ಓಡಿದಳು. ಹಂದಿ ಬೆಳಕು ಹರಿದ ಮೇಲೆ ಮದ್ದು ಕಚ್ಚಲು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಯೋಚಿಸಿದ್ದರೆ ನನಗೂ ಗೊತ್ತಾಗುತ್ತಿತ್ತು.

ಭಾವ ಬದುವಿನ ಮೇಲೆ ಕೂತಿದ್ದರು. ಹಂದಿ ಒಂದನ್ನೂ ಮುಟ್ಟಿರಲಿಲ್ಲ. ಇಟ್ಟದ್ದನ್ನೆಲ್ಲ ದನ ಬಿಡುವ ಮುಂಚೆ ಆಯ್ದುಕೊಳ್ಳುತ್ತಿದ್ದಾಗ ಒಂದು ಉಂಡೆ ಕೈಯಲ್ಲೇ ಸಿಡಿದಿತ್ತು. ಬಲ ಮುಂಗೈ ಇರಲಿಲ್ಲ. ಇದ್ದ ಜಾಗದಲ್ಲಿ ನೆಂದ ಬಟ್ಟೆಯ ಹಾಗೆ ಏನೋ ಜೋತಾಡುತ್ತಿತ್ತು. ಮುಖದ ಒಂದು ಬದಿ ಕಪ್ಪಾಗಿತ್ತು. ಅವರ ಎದೆ, ತೊಡೆ, ಆ ಹಳೆಯ ಹೊಲಿಗೆ, ಎಲ್ಲದರ ಮೇಲೆ ರಕ್ತ ಹರಿದು ಮಣ್ಣಿಗೆ ಇಳಿಯುತ್ತಿತ್ತು. ಅವರು ಕೂಗುತ್ತಿರಲಿಲ್ಲ. ನನ್ನನ್ನು ಕಂಡು ಒಂದೇ ಮಾತು ಹೇಳಿದರು.

"ಇನ್ನೊಂದ್ ಉಳ್ಕಂಡದೆ, ಆ ಲಂಟಾನ ಬುಡದೇಲಿ. ದನ ಬುಡ್ಬ್ಯಾಡಿ ಅನ್ನು."

ಗೆಳೆಯನ ಹೆಂಡತಿ ಯಾರನ್ನೂ ಕೇಳಲಿಲ್ಲ. ಭಾವನ ಹೆಗಲ ಟವೆಲನ್ನೇ ಎಳೆದುಕೊಂಡು ಮೊಣಕೈಗಿಂತ ಮೇಲೆ ಕಟ್ಟಿ, ಕಡ್ಡಿ ಸಿಕ್ಕಿಸಿ ತಿರುಚಿ ಬಿಗಿದಳು. ಅಷ್ಟರಲ್ಲಿ ಓಡಿಬಂದ ಪಕ್ಕದ ಹೊಲದವನಿಗೆ ಆ ಲಂಟಾನ ಪೊದೆ ತೋರಿಸಿ ಕಾಯಲು ಹೇಳಿದೆ. ಭಾವನನ್ನು ಎತ್ತಿ ಅವರದೇ ಜೀಪಿನಲ್ಲಿ ಮಲಗಿಸಿದೆವು. ಅವಳು ಕೊಳ್ಳೇಗಾಲದವರೆಗೂ ಆ ತೋಳನ್ನು ಮೇಲೆತ್ತಿ ಹಿಡಿದೇ ಇದ್ದಳು. ಅವಳ ಬಿಳಿ ಅಂಗಿ ಹನೂರು ಬರುವುದರೊಳಗೆ ಕಂದು ಬಣ್ಣಕ್ಕೆ ತಿರುಗಿತು.

ಜೀಪು ಓಡಿಸಿದ್ದು ನಾನು. ಮಸ್ಕತ್ತಿನಲ್ಲಿ ಕಲಿತ ಡ್ರೈವಿಂಗ್. ಅಲ್ಲಿ ರಸ್ತೆಯ ಬಲಕ್ಕೆ ಹೋಗಬೇಕು. ಗಾಬರಿಯಲ್ಲಿ ನಾನು ಇಲ್ಲಿಯೂ ಬಲಕ್ಕೇ ಹೋದೆ. ತಿರುವಿನಲ್ಲಿ ಎದುರಿಗೆ ಕಬ್ಬಿನ ಲಾರಿ ಬಂತು. ಗೆಳೆಯ ಸ್ಟೇರಿಂಗ್ ಹಿಡಿದು ಎಡಕ್ಕೆ ಎಳೆದ. ಹಸುವಿನ ಗಂಟೆ ಕನ್ನಡಿಗೆ ಬಡಿದು ಕನ್ನಡಿ ಒಡೆಯಿತು. ಹಿಂದಿನಿಂದ ಭಾವನ ದನಿ ಕೇಳಿತು, ತಮಿಳಿನಲ್ಲಿ. ನನ್ನನ್ನು ಬೈಯುತ್ತಿದ್ದರು. ಆ ಬೈಗುಳ ಕೇಳಿ, ಬದುಕುತ್ತಾರೆ ಎಂದು ನನಗೆ ಧೈರ್ಯ ಬಂತು.

ಬದುಕಿದರು. ಕೈ ಮಾತ್ರ ಮೊಣಕೈವರೆಗೆ ಹೋಯಿತು. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು ಗೆಳೆಯ ಕೇಳಿದ, ಇಂಥದ್ದಕ್ಕೆ ಆ ಮನುಷ್ಯ ಯಾಕೆ ಕೈ ಹಾಕಿದ? ನಿನಗಾಗಿ, ಎಂದೆ. ನಾನು ಮಸ್ಕತ್ತಿನಲ್ಲಿ ಮಾತು ಕೊಟ್ಟಿದ್ದೆನಲ್ಲ, ಕಾಡುಹಂದಿಯ ಮಾಂಸ. ಯಾವ ಮಾತು ಎಂದು ಅವನು ಕೇಳಿದ. ಅವನಿಗೆ ಆ ಮಾತೇ ನೆನಪಿರಲಿಲ್ಲ.

ಸ್ಟೇಷನ್ನಿನಿಂದ ಬಂದವರು ವಿಚಾರಿಸಿದರು. ಸೌದೆ ಆಯುವಾಗ ಯಾರೋ ಇಟ್ಟದ್ದು ಕೈಗೆ ಸಿಕ್ಕಿತು, ಏನೆಂದು ತಿಳಿಯದೆ ಎತ್ತಿದೆ ಎಂದು ಭಾವ ಹೇಳಿದರು. ನಾನು ಮಂಚದ ಕಾಲ ಬಳಿ ನಿಂತು, ಹೌದು ಎಂದು ತಲೆಯಾಡಿಸಿದೆ. ಆದರೆ ಊರು ನಂಬಲಿಲ್ಲ. ಊರಿಗೆ ಬೇರೆಯೇ ಕತೆ ಬೇಕಿತ್ತು, ಅದು ತಾನಾಗಿ ಹುಟ್ಟಿಕೊಂಡಿತು. ತಿನ್ನುವ ಚಪಲಕ್ಕೆ ಆಣೆ ಮುರಿದ, ಆ ಕೈಯನ್ನೇ ಮಾದಪ್ಪ ಕಿತ್ತುಕೊಂಡ. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ನಮ್ಮ ಮಧುವನಹಳ್ಳಿಯಲ್ಲಿ ಕೂಡ ಅದನ್ನೇ ಹೇಳಿದರು. ನನ್ನ ಮುಂದೆಯೇ ಹೇಳಿದರು. ನಾನು ಒಂದು ಸಲವೂ, ಅಲ್ಲ, ಮುರಿಸಿದವನು ನಾನು ಎನ್ನಲಿಲ್ಲ. ಕೇಳಿ ಕೇಳಿ ಆಮೇಲೆ ಅವರ ಜೊತೆ ನಿಟ್ಟುಸಿರು ಬಿಡುವುದನ್ನೂ ಕಲಿತೆ.

ಭಾವನ ಬಡಿದಾಟ ಅಲ್ಲಿಗೆ ನಿಂತಿತು. ಜೀಪು ಮಾರಿದರು. ಎಡಗೈಯಲ್ಲಿ ಮುದ್ದೆ ಮುರಿಯಲು ಕಲಿತರು. ಮದುವೆ, ತಿಥಿಗಳಲ್ಲಿ ಎಡಗೈಯಲ್ಲಿ ಉಣ್ಣುವವನು ಪಂಕ್ತಿಯಲ್ಲಿ ಕೂರಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪಕ್ಕದ ಎಲೆಯವರು ಸ್ವಲ್ಪ ಜರುಗಿ ಕೂತರು, ಅಷ್ಟೆ. ಅಂದಿನಿಂದ ಅವರು ಎಲ್ಲೇ ಊಟಕ್ಕೆ ಹೋದರೂ ಅಡುಗೆಯವರ ಜೊತೆ ಒಲೆಯ ಹಿಂದೆ ಕೂತು ಉಂಡರು. ಆಮೇಲೆ ಹೋಗುವುದನ್ನೇ ಬಿಟ್ಟರು. ಮಾದಪ್ಪನ ಬೆಟ್ಟಕ್ಕೆ ಹೋಗೋಣ, ತಪ್ಪುಕಾಣಿಕೆ ಹಾಕಿ ಬರೋಣ ಎಂದು ಅಕ್ಕ ಕರೆದರೆ, ಮೋಟುಗೈಯನ್ನು ಎತ್ತಿ ತೋರಿಸುತ್ತಿದ್ದರು.

"ಒಂದ್ ಕೈಲಿ ಯೆಂಗಮ್ಮಿ ಮುಗ್ಯಾದು?"

ಎಷ್ಟೋ ಕಾಲದ ಮೇಲೆ, ಒಂದು ಮಧ್ಯಾಹ್ನ, ಅಕ್ಕ ಮನೆಯಲ್ಲಿಲ್ಲದ ಹೊತ್ತು ನೋಡಿ ನಾನು ಅವರ ಮುಂದೆ ಕೂತೆ. ನನ್ನಿಂದ ಆಯಿತು ಬಾವ, ಊರವರ ಮುಂದೆ ಹೇಳಿಬಿಡುತ್ತೇನೆ ಎಂದೆ. ಮಾತು ಮುಗಿದಿರಲಿಲ್ಲ, ಕೆನ್ನೆಗೆ ಏಟು ಬಿತ್ತು. ಎಡಗೈ ಏಟು. ಕಿವಿ ಗುಯ್ಯೆಂದಿತು. ಹಳೆಯ ಭಾವ ಒಂದು ಕ್ಷಣ ಎದ್ದು ಬಂದ ಹಾಗಾಯಿತು.

"ಎಡಗೈಲೂ ಬತ್ತದೆ ನೋಡ್ಲಾ," ಅಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನೀನ್ ಅಂದೆ, ಸರಿ. ಮದ್ದಿಡಾಕ್ ಓದೋನು ನಾನಲ್ವಾ. ನಿಮ್ಮಕ್ಕ ಬದ್ಕಿರಾಗಂಟ ಬಾಯ್ ಬುಡ್ಬ್ಯಾಡ. ಅವ್ಳ್ಗೆ ತವ್ರ್ಮನೆ ಅಂತ ಇರಾದು ನೀನೊಬ್ನೆ," ಅಂದರು.

ಅಕ್ಕ ಎಲ್ಲವನ್ನೂ ನಾನು ಕೆಣಕಿದ ಸಂಜೆಯೇ ಒಳಗಿನಿಂದ ಕೇಳಿಸಿಕೊಂಡಿದ್ದಳು ಎಂಬುದನ್ನು ಅವರು ಮರೆತಿರಲಾರರು. ಅವಳು ನನ್ನ ಮೇಲೆ ಒಂದು ಮಾತೂ ಎತ್ತಲಿಲ್ಲ. ನಾನು ಹೋದಾಗಲೆಲ್ಲ ಊಟ ಬಡಿಸಿದಳು. ಬಡಿಸುವಾಗ ನನ್ನ ಬಲಗೈಯನ್ನು ನೋಡುತ್ತಿದ್ದಳು.

ಭಾವ ತೀರಿಕೊಂಡಾಗ ಮಣ್ಣು ಮಾಡಲು ಅವರ ಹೊಲಕ್ಕೇ ಒಯ್ದೆವು. ನಾನೂ ಹೆಗಲು ಕೊಟ್ಟೆ. ಹಿಂದೆ ಬರುತ್ತಿದ್ದವರಲ್ಲಿ ಯಾರೋ ಹೊಸ ನೆಂಟರಿಗೆ ಕೈಯ ಕತೆ ಹೇಳುತ್ತಿದ್ದರು. ಆಣೆ, ಚಪಲ, ಮಾದಪ್ಪ. ನನ್ನ ಹೆಗಲ ಮೇಲೆ ಅವರಿದ್ದರು, ಆಗಲೂ ನಾನು ಬಾಯಿ ಬಿಡಲಿಲ್ಲ. ಹೋದ ವರ್ಷ ಅಕ್ಕನೂ ಹೋದಳು. ಇನ್ನು ನನ್ನನ್ನು ಕಟ್ಟಿಹಾಕುವವರು ಯಾರೂ ಇಲ್ಲ. ಅದಕ್ಕೆ ಬರೆದಿದ್ದೇನೆ. ರಾಮಾಪುರದ ಕಡೆಯವರು ಯಾರಾದರೂ ಇದನ್ನು ಓದಿದರೆ, ಮುಂದಿನ ಸಲ ಆ ಕತೆ ಹೇಳುವಾಗ ನನ್ನನ್ನೂ ಸೇರಿಸಿ ಹೇಳಬೇಕು. ಅವರ ತೊಡೆಯ ಕಲೆಯನ್ನು ಹೀಯಾಳಿಸಿದ ಒಬ್ಬ ಬಾಮೈದ ಇದ್ದ ಎನ್ನಬೇಕು. ಆ ಕೈ ಹೋದದ್ದು ಹಂದಿಗಾಗಿ ಅಲ್ಲ, ಊರಿನ ದನಗಳಿಗಾಗಿ ಎನ್ನಬೇಕು.

ವರ್ಷಕ್ಕೊಮ್ಮೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುತ್ತೇನೆ. ಭಾವ ಕೂತಿದ್ದ ಜಾಗದಲ್ಲೇ ಮಂಡಿಯೂರಿ ತಲೆ ಒಡ್ಡುತ್ತೇನೆ. ಜೋರಾಗಿ ಹೊಡೆಯಿರಿ ಎಂದು ಕೇಳಿಕೊಳ್ಳುತ್ತೇನೆ. ದಾಸಯ್ಯ ನನ್ನ ನರೆತ ತಲೆ, ನಡುಗುವ ಕತ್ತು ನೋಡುತ್ತಾನೆ. ಅಜ್ಜ, ಬಿದ್ದೀರಿ ಎನ್ನುತ್ತಾನೆ. ಪಾದುಕೆಯನ್ನು ಹೂವಿಟ್ಟ ಹಾಗೆ ಮೆಲ್ಲಗೆ ಮುಟ್ಟಿಸಿ, ಮುಂದಿನವರನ್ನು ಕರೆಯುತ್ತಾನೆ.